ಎರಡು ಬಾವುಟಗಳ ಹಡಗು

ಹಾಯಿಹಡಗುಗಳ ಕಾಲದಲ್ಲಿ ಯುದ್ಧನೌಕೆಯು ಸೋತಮಾತ್ರಕ್ಕೆ ಅದರ ಆಯುಷ್ಯವು ಮುಗಿಯುತ್ತಿರಲಿಲ್ಲ. ಗೆದ್ದವರು ಅದನ್ನು ತಮ್ಮ ಬಂದರಿಗೆ ಎಳೆದೊಯ್ದು, ದುರಸ್ತಿಮಾಡಿ, ತಮ್ಮ ಬಾವುಟವನ್ನೇರಿಸಿ ಸೇವೆಗೆ ತೆಗೆದುಕೊಳ್ಳುತ್ತಿದ್ದರು. ಇದಕ್ಕೆ ನಿದರ್ಶನವಾದ ಒಂದು ಫ್ರೆಂಚ್ ನೌಕೆಯ ಚರಿತ್ರೆಯನ್ನು ನಾವೀಗ ನೋಡೋಣ.

'ದ್ಯುಗೇ ತ್ರುವಾಂ' ಎಂಬ ಈ ನೌಕೆಯು 1800ರಲ್ಲಿ ರೋಷ್‌ಫೋರ್ ಬಂದರಿನಲ್ಲಿ ನೀರಿಗಿಳಿಯಿತು. ಇದು 74 ಫಿರಂಗಿಗಳ ವರ್ಗಕ್ಕೆ ಸೇರಿದುದು. ಸಾಲುಗಟ್ಟಿ ಕಾದುವುದಕ್ಕೆ ಬೇಕಾದ ಬಲವೂ, ಓಟಕ್ಕೆ ಬೇಕಾದ ಲಘುತ್ವವೂ ಕೂಡಿದ್ದುದರಿಂದ ಅಂದಿನ ನೌಕಾಬಲಗಳಿಗೆ ಈ ವರ್ಗವೇ ಬೆನ್ನೆಲುಬಾಗಿದ್ದಿತು.

1805ನೆಯ ಅಕ್ಟೋಬರ್ 21ರಂದು ಟ್ರಫಾಲ್ಗರಿನಲ್ಲಿ ನೆಲ್ಸನ್ನನು ಫ್ರೆಂಚ್ ಮತ್ತು ಸ್ಪೇನಿನ ನೌಕೆಗಳ ಸಾಲನ್ನು ನಡುವೆ ಭೇದಿಸಿದಾಗ, ಈ ನೌಕೆಯು ದ್ಯುಮಾನ್ವಾರನ ಮುಂದಳದಲ್ಲಿದ್ದಿತು. ಗಾಳಿ ಮಂದವಾಗಿದ್ದುದರಿಂದ ಆ ದಳವು ಹಿಂದಿರುಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಯುದ್ಧವು ಕೈತಪ್ಪಿದ್ದಿತು. ತಪ್ಪಿಸಿಕೊಂಡು ಹೋದ ನಾಲ್ಕು ನೌಕೆಗಳನ್ನೂ ನವೆಂಬರ್ 4ರಂದು ಸ್ಟ್ರಾಚನ್ ಎಂಬ ಆಂಗ್ಲ ನಾಯಕನು ಸ್ಪೇನಿನ ಆರ್ಟಿಗಾಲ್ ಭೂಶಿರದ ಬಳಿ ಸೆರೆಹಿಡಿದನು.

ಐದು ವರ್ಷದ ಫ್ರೆಂಚ್ ನೌಕೆಯು ಹೀಗೆ 'ಇಂಪ್ಲೇಕಬಲ್' ಎಂಬ ಆಂಗ್ಲ ನೌಕೆಯಾಯಿತು. 1808ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ರಷ್ಯನ್ನರೊಡನೆ ಹೋರಾಡಿತು. 1855ರಿಂದ ಡೆವನ್‌ಪೋರ್ಟಿನಲ್ಲಿ ಹುಡುಗರಿಗೆ ನಾವಿಕವಿದ್ಯೆಯನ್ನು ಕಲಿಸುವ ಶಾಲೆಯಾಯಿತು. 1912ರಲ್ಲಿ ವೀಟ್ಲಿ ಕಾಬ್ ಎಂಬ ಮಹನೀಯರು ಅದರ ರಕ್ಷಣೆಯ ಭಾರವನ್ನು ವಹಿಸಿಕೊಂಡರು. ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಲ್ಪಟ್ಟು 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲಿ'ಯನ್ನೂ ಉಳಿಸಿದವರು ಅವರೇ.

ಎರಡನೆಯ ಮಹಾಯುದ್ಧವು ಮುಗಿಯುವ ವೇಳೆಗೆ ನೌಕೆಯು ಜೀರ್ಣವಾಗಿದ್ದಿತು. ಬೊಕ್ಕಸ ಬರಿದಾಗಿದ್ದ ಇಂಗ್ಲೆಂಡು ದುರಸ್ತಿಯ ವೆಚ್ಚವನ್ನು ಹೊರಲೊಲ್ಲದೆ ಹೋಯಿತು. ಹಿಂದಕ್ಕೆ ಕೊಡುವೆವೆಂದಾಗ ಫ್ರಾನ್ಸೂ ಬೇಡವೆಂದಿತು. 1949ನೆಯ ಡಿಸೆಂಬರ್ 2ರಂದು ಅದನ್ನು ಪೋರ್ಟ್ಸ್‌ಮತ್ತಿನಿಂದ ಸಮುದ್ರಕ್ಕೆ ಎಳೆದೊಯ್ದು, ಸಿಡಿಮದ್ದಿನಿಂದ ತಳವನ್ನೊಡೆದರು. ಅಂದು ಅದರ ಮೇಲೆ ಫ್ರಾನ್ಸಿನ ಬಾವುಟವೂ ಇಂಗ್ಲೆಂಡಿನ ಬಾವುಟವೂ ಜೊತೆಯಾಗಿ ಹಾರುತ್ತಿದ್ದವು. ಮದ್ದು ಸಿಡಿದ ಮೇಲೂ ಆ ಹಳೆಯ ಒಡಲು ಬೇಗನೆ ಮುಳುಗಲಿಲ್ಲವಂತೆ.

ಮುಂಗಡೆಯ ಬೊಂಬೆಯೂ ಹಿಂಗಡೆಯ ಕೆತ್ತನೆಯ ಮೊಗಸಾಲೆಯೂ ಗ್ರೀನಿಚ್ಚಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಈ ನಷ್ಟದ ನೋವು ವ್ಯರ್ಥವಾಗಲಿಲ್ಲ. 'ಕಟ್ಟಿ ಸಾರ್ಕ್' ಎಂಬ ವ್ಯಾಪಾರದ ಹಾಯಿಹಡಗನ್ನು ಉಳಿಸಲು ಜನರು ಮುಂದೆ ಬಂದರು. 1954ರಲ್ಲಿ ಅದಕ್ಕೆ ಗ್ರೀನಿಚ್ಚಿನಲ್ಲಿ ನೆಲೆ ದೊರೆಯಿತು. ಮುಂಬಯಿಯ ತೇಗದ ನೌಕೆಯೂ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ಇದೆ.

ಶತ್ರುವಿನ ಕೈಸೇರಿಯೂ 144 ವರ್ಷ ಬಾಳಿದ ನೌಕೆಯು ಕಡೆಗೆ ಅಳಿದುದು ಯಾವ ಫಿರಂಗಿಯಿಂದಲೂ ಅಲ್ಲ, ಲೆಕ್ಕದ ಪುಸ್ತಕದಿಂದ. ಪೂರ್ವಿಕರ ವಸ್ತುಗಳನ್ನು ಕಾಯುವ ಹೊಣೆಯು ಯಾರದೆಂದು ಇಬ್ಬರು ವಾದಿಸುತ್ತಿರುವಾಗ, ಕಾಲವು ಇಬ್ಬರಿಗೂ ಕಾಯುವುದಿಲ್ಲವೆಂಬುದನ್ನು ನಾವು ಮರೆಯಬಾರದು.