ಆರ್ಕಾಡು ರಸ್ತೆಯ ಬೇತಾಳ
ಎಳೆಯರ ಭಯಾದ್ಭುತ ಚಿತ್ರಕಥೆಯನ್ನು ಕುರಿತು

ಮದರಾಸಿನ ಕೋಡಂಬಾಕದಿಂದ ಹೊರಟು ವಡಪಳನಿ, ವಳಸರವಾಕಗಳನ್ನು ಹಾದು ಪೋರೂರನ್ನು ಮುಟ್ಟುವ ಆರ್ಕಾಡು ರಸ್ತೆಯನ್ನು ಜನರು ಚಲಚ್ಚಿತ್ರದವರ ದಾರಿಯೆಂದೇ ಬಲ್ಲರು. ಇದೇ ದಾರಿಯ ವಡಪಳನಿಯಲ್ಲಿ ಬಹುಕಾಲ ಅಚ್ಚಾಗುತ್ತಿದ್ದ 'ಚಂದಮಾಮ'ವು ಕನ್ನಡದ ಎಳೆಯರಿಗೆ ಸ್ಮಶಾನ, ಮಾಂತ್ರಿಕ, ರಾಕ್ಷಸರ ಲೋಕವೊಂದನ್ನು ತೆರೆದುಕೊಟ್ಟಿತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಬಿ. ನಾಗಿರೆಡ್ಡಿ, ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆಯು 1949ರಲ್ಲಿ ಕನ್ನಡಕ್ಕೂ ಬಂದಿತು. ಹೊರನಾಡಿನಲ್ಲಿ ಸಿದ್ಧವಾಗಿ ಒಳನಾಡಿಗೆ ಹೋದ ಕನ್ನಡವಿದು.

ಇಂದು ಹರೆಯದ ಓದುಗರಿಗೆಂದು ಪಾಶ್ಚಾತ್ಯ ದೇಶಗಳಲ್ಲಿ ಹೊರಡುವ ಕರಾಳ ಅದ್ಭುತದ ಚಿತ್ರಕಾದಂಬರಿಗಳನ್ನು ಕಂಡು, ಇಂಥದು ನಮ್ಮಲ್ಲಿಲ್ಲವೆನ್ನುವವರುಂಟು. ಆ ಮಾತು ಪೂರ್ತಿಯಾಗಿ ಸರಿಯಲ್ಲ. ದಾಸರಿ ಸುಬ್ರಹ್ಮಣ್ಯಂ ಅವರು ಬರೆದ 'ತೋಕಚುಕ್ಕ', 'ರಾಕಾಸಿಲೋಯ' ಮೊದಲಾದ ಧಾರಾವಾಹಿಗಳೂ ಅವಕ್ಕೆ 'ಚಿತ್ರಾ' ಎಂಬ ಹೆಸರಿನ ಕಲಾವಿದರು ಬರೆದ ಚಿತ್ರಗಳೂ ಈ ಜಾತಿಗೇ ಸೇರಿದವು. ಆದರೂ ಎಲ್ಲಕ್ಕಿಂತ ಆಳವಾಗಿ ಮನಸ್ಸಿನಲ್ಲಿ ನಿಂತವನು ಬೇತಾಳನೇ.

ಬೇತಾಳನ ಕಥೆಗಳ ಪ್ರಸಿದ್ಧ ಪಾಠವೊಂದು ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿದೆ. ಅಲ್ಲಿ ಅರಸನು ಗೋದಾವರಿಯ ತೀರದ ಪ್ರತಿಷ್ಠಾನದ ತ್ರಿವಿಕ್ರಮಸೇನ. ಕ್ಷಾಂತಿಶೀಲನೆಂಬ ಭಿಕ್ಷುವಿಗೆ ಕೊಟ್ಟ ಮಾತಿಗಾಗಿ ಅವನು ನಡುರಾತ್ರಿ ಮರದಿಂದ ಹೆಣವನ್ನಿಳಿಸಿ ಹೆಗಲಿಗೇರಿಸುತ್ತಾನೆ. ಉತ್ತರ ಬಲ್ಲವನು ಸುಮ್ಮನಿದ್ದರೆ ತಲೆ ಸಿಡಿಯುವುದು. ಬಾಯಿ ತೆರೆದರೆ ಹೆಣವು ಮರಕ್ಕೆ ಹಿಂದಿರುಗುವುದು. ಭೂತದ ಭಯಕ್ಕಿಂತ ಈ ಕಟ್ಟಳೆಯ ಭಯವೇ ದೊಡ್ಡದು. ಸತ್ಯವನ್ನಾಡಿದರೆ ಕೆಲಸ ಕೆಡುವುದು, ಆಡದಿದ್ದರೆ ತಾನೇ ಕೆಡುವೆನು ಎಂಬ ಇಕ್ಕಟ್ಟನ್ನು ಹದಿಮೂರು ಹದಿನಾಲ್ಕರ ಹುಡುಗನಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೂಲದಲ್ಲಿ ಕಥೆಗಳು ಇಪ್ಪತ್ತೈದೇ. ತಿಂಗಳಿಗೊಂದರಂತೆ ಎರಡೇ ವರ್ಷಗಳಲ್ಲಿ ಮುಗಿಯಬೇಕಾಗಿದ್ದುದನ್ನು ಪತ್ರಿಕೆಯು ಅನ್ಯ ಕಥೆಗಳನ್ನು ಅದೇ ಚೌಕಟ್ಟಿಗೆ ಹೊಂದಿಸಿ ದಶಕಗಳ ಕಾಲ ನಡೆಸಿತು. ಇದರಿಂದ ಒಂದು ನಷ್ಟವೂ ಆಯಿತು. ಕಡೆಯ ಪ್ರಶ್ನೆಗೆ ಉತ್ತರವರಿಯದೆ ಅರಸನು ಮೌನವಾಗುವುದು, ಮೆಚ್ಚಿದ ಬೇತಾಳನು ಭಿಕ್ಷುವಿನ ವಂಚನೆಯನ್ನು ತಿಳಿಸಿ ಅವನನ್ನು ಉಳಿಸುವುದು, ಇವು ತಿಂಗಳ ಓದುಗನ ಕಣ್ಣಿಗೆ ದೂರವಾದವು. ಭಯಪಡಿಸುವವನೇ ಹಿತೈಷಿ, ಪೂಜ್ಯನಂತೆ ಕಾಣುವವನೇ ಘಾತುಕ ಎಂಬ ತಿರುವೇ ಈ ಕಥೆಯ ಜೀವಾಳವಾಗಿತ್ತು.

ಆ ನಷ್ಟವನ್ನು ಚಿತ್ರವು ಬಹುಮಟ್ಟಿಗೆ ತುಂಬಿತೆನ್ನಬೇಕು. ಬಿಚ್ಚುಗತ್ತಿಯ ಅರಸ, ಹೆಗಲ ಮೇಲಿನ ಹೆಣ, ಕಾಲ ಬಳಿಯ ತಲೆಬುರುಡೆಗಳು: ಇದನ್ನು ಬರೆದ 'ಶಂಕರ್', ಅಂದರೆ ಕೆ. ಸಿ. ಶಿವಶಂಕರನ್ (1924–2020), ಮದರಾಸಿನ ಸರಕಾರಿ ಕಲಾಶಾಲೆಯಲ್ಲಿ ದೇವೀಪ್ರಸಾದ ರಾಯಚೌಧುರಿಯವರ ಕಾಲದಲ್ಲಿ ಕಲಿತವರು. ಅವರ ಅರಸನ ಮುಖದಲ್ಲಿ ಭಯವಿಲ್ಲ, ಗರ್ವವೂ ಇಲ್ಲ. ಭಾರ ಹೊತ್ತವನ ಏಕಾಗ್ರತೆಯಿದೆ. ಮಾತು ಚಿತ್ರದೊಳಗೆ ಗುಳ್ಳೆಯಾಗಿ ಸೇರದೆ ಹೊರಗೇ ಉಳಿದುದರಿಂದ ಒಂದೇ ಚಿತ್ರವು ಹಲವು ಭಾಷೆಗಳ ಸಂಚಿಕೆಗಳಿಗೆ ಒದಗಿತು. ನೆರೆಮನೆಯ ತಮಿಳು ಹುಡುಗನ 'ಅಂಬುಲಿಮಾಮ'ದಲ್ಲಿಯೂ ಕನ್ನಡದ ಹುಡುಗನ ಕೈಯ 'ಚಂದಮಾಮ'ದಲ್ಲಿಯೂ ಹೆಣವು ಒಂದೇ, ಅಕ್ಷರ ಮಾತ್ರ ಬೇರೆ. ಶಾಲೆಯಲ್ಲಿ ಕನ್ನಡವಿಲ್ಲದ ಹೊರನಾಡಿನ ಮಗುವಿಗೆ ಆ ಅಕ್ಷರದ ಕಡೆಗೆ ಎಳೆಯುವ ಆಸೆಯು ವ್ಯಾಕರಣದಿಂದ ಬರುವಂಥದಲ್ಲ. ಮುಂದೇನಾಯಿತೆಂಬ ಕಳವಳದಿಂದ ಬರುವಂಥದು.

ಪತ್ರಿಕೆಯು 2007ರಲ್ಲಿ ಮುಂಬಯಿಯ ಸಂಸ್ಥೆಯೊಂದರ ಕೈಸೇರಿ, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಅದರ ಸ್ಥಾನವನ್ನು ತುಂಬುವ ಕನ್ನಡದ ಚಿತ್ರಕಾದಂಬರಿಯನ್ನು ಬರೆಯಹೊರಡುವವರು ಕಡೆಯ ಪ್ರಶ್ನೆಯಿಂದ, ಅಂದರೆ ಅರಸನಿಗೆ ಉತ್ತರ ತೋಚದ ಆ ರಾತ್ರಿಯಿಂದ, ಆರಂಭಿಸಬಹುದು.