ಕೈ ತೋರಿಸಿ, ಕೂಗಿ ಹೇಳಿ

ನಮ್ಮ ರೈಲುಗಳ ಎಂಜಿನ್ ಕೋಣೆಯಲ್ಲಿ ಇಬ್ಬರಿರುತ್ತಾರೆ. ದೂರದಲ್ಲಿ ಸಿಗ್ನಲ್ ಕಂಡೊಡನೆ ಒಬ್ಬರು ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ಮರುನುಡಿಯಬೇಕು. ದೀಪ ಇಬ್ಬರಿಗೂ ಕಾಣುತ್ತಲೇ ಇರುತ್ತದೆ. ಆದರೂ ಬಾಯಿಬಿಟ್ಟು ಹೇಳಲೇಬೇಕು. ಅದೇ ಹಳಿಯ ಮೇಲೆ ವರ್ಷಗಟ್ಟಲೆ ಓಡಾಡಿದ ಲೋಕೊ ಪೈಲಟ್‌ಗೂ ಇದರಿಂದ ವಿನಾಯಿತಿ ಇಲ್ಲ. ನಿಜ ಹೇಳಬೇಕೆಂದರೆ ಈ ನಿಯಮ ಹೆಚ್ಚು ಬೇಕಿರುವುದೇ ಅಂಥವರಿಗೆ. ಹೊಸಬ ಹೆದರಿಕೊಂಡಾದರೂ ನೋಡುತ್ತಾನೆ. ಪಳಗಿದವನ ಕಣ್ಣು ದೀಪದ ಮೇಲಿದ್ದರೂ ಮನಸ್ಸು ಮಗಳ ಮದುವೆಯ ಛತ್ರ ಹುಡುಕುತ್ತಿರಬಹುದು.

ಜಪಾನಿನ ರೈಲ್ವೆಯಲ್ಲಿ ಕೂಗುವುದರ ಜೊತೆಗೆ ಬೆರಳನ್ನೂ ಚಾಚಬೇಕು. ‘ಶಿಸಾ ಕಾಂಕೊ’ ಎನ್ನುತ್ತಾರೆ. ಸಿಗ್ನಲ್ ಇರಲಿ, ವೇಗದ ಮುಳ್ಳಿರಲಿ, ಗಡಿಯಾರ ಇರಲಿ, ಚಾಲಕ ಅದರತ್ತ ಕೈ ತೋರಿಸಿ, ಕಂಡದ್ದನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾನೆ. ಪ್ರವಾಸಿಗರು ಇದನ್ನು ವಿಡಿಯೊ ಮಾಡಿಕೊಂಡು ನಗುವುದುಂಟು. ಆದರೆ 1994ರಲ್ಲಿ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಒಂದು ಸರಳ ಕೆಲಸ ಕೊಟ್ಟು ಪರೀಕ್ಷಿಸಿದಾಗ, ನೂರು ಬಾರಿಗೆ 2.38ರಷ್ಟಿದ್ದ ತಪ್ಪು, ಕೈ ತೋರಿಸಿ ಕೂಗಿದಾಗ 0.38ಕ್ಕೆ ಇಳಿದಿತ್ತು. ನ್ಯೂಯಾರ್ಕಿನ ಸಬ್‌ವೇ ಕಂಡಕ್ಟರ್‌ಗಳೂ 1996ರಿಂದ ಪ್ರತಿ ನಿಲ್ದಾಣದಲ್ಲಿ ಕಪ್ಪು-ಬಿಳಿ ಪಟ್ಟೆಯ ಹಲಗೆಯೊಂದಕ್ಕೆ ಬೆರಳು ತೋರಿಸಿದ ಮೇಲೆಯೇ ಬಾಗಿಲು ತೆರೆಯುತ್ತಾರೆ.

ಇದನ್ನು ಯಾರೂ ಧ್ಯಾನ ಎಂದು ಕರೆಯುವುದಿಲ್ಲ. ಊದುಬತ್ತಿ ಇಲ್ಲ, ಕೊಳಲಿನ ಹಿನ್ನೆಲೆ ಸಂಗೀತ ಇಲ್ಲ. ಆದರೂ ‘ಈ ಕ್ಷಣದಲ್ಲಿ ಬದುಕಿ’ ಎಂದು ಬೋಧಿಸುವ ಎಷ್ಟೋ ಪುಸ್ತಕಗಳಿಗಿಂತ ರೈಲಿನವರ ಈ ರೂಢಿ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಮನಸ್ಸು ಇದ್ದಲ್ಲೇ ಇರುತ್ತದೆ ಎಂಬ ಭ್ರಮೆ ಇದಕ್ಕಿಲ್ಲ. ಅದು ಜಾರಿಯೇ ಜಾರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಎಳೆದು ತರಲು ಕೈಯನ್ನೂ ಗಂಟಲನ್ನೂ ಕೆಲಸಕ್ಕೆ ಹಚ್ಚುತ್ತದೆ.

ಎಷ್ಟು ಜಾರುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಮಂದಿಯನ್ನು ಹೊತ್ತಲ್ಲದ ಹೊತ್ತಲ್ಲಿ ಫೋನಿನ ಮೂಲಕ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ? ಶೇ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಪ್ರಣಯವೊಂದನ್ನು ಬಿಟ್ಟರೆ ಉಳಿದ ಯಾವ ಕೆಲಸದಲ್ಲೂ ಈ ಅಲೆದಾಟ ಶೇ 30ಕ್ಕಿಂತ ಕೆಳಗಿಳಿಯಲಿಲ್ಲ. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಸಿಹಿ ಯೋಚನೆಗಳಲ್ಲಿ ತೇಲಿಹೋದವರೂ ಕೈಯಲ್ಲಿದ್ದ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಹೆಚ್ಚು ಖುಷಿಯಾಗೇನೂ ಇರಲಿಲ್ಲ.

ಬೀಗ ಹಾಕಿ ಗೇಟು ದಾಟಿದ ಮೇಲೆ ‘ಹಾಕಿದೆನಾ?’ ಎಂದು ವಾಪಸ್ ಬಂದು ಎಳೆದು ನೋಡುವವರಿಗೆ ಈ ಲೆಕ್ಕವೇನೂ ಹೊಸದಲ್ಲ. ಬೀಗ ಹಾಕಿದ್ದು ಕೈ. ಆಗ ನಾವು ಅಲ್ಲಿರಲಿಲ್ಲ, ಅಷ್ಟೆ.

ಈ ಜಾರುವಿಕೆಯನ್ನೇ ಹಿಡಿದು ಕೂತ ಹಳೆಯ ಪಠ್ಯವೊಂದಿದೆ: ಪಾಳಿ ಭಾಷೆಯ ಬೌದ್ಧ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ ಹತ್ತನೆಯದಾಗಿ ಬರುವ ಸತಿಪಟ್ಠಾನ ಸುತ್ತ. ಇಂದಿನ ‘ಮೈಂಡ್‌ಫುಲ್‌ನೆಸ್’ ಎಂಬ ಇಡೀ ವ್ಯವಹಾರದ ಬೇರು ಬಹುಮಟ್ಟಿಗೆ ಅಲ್ಲಿದೆ. ಮರದ ಬುಡದಲ್ಲಿ ಕಾಲು ಮಡಿಸಿ ಕೂತು ಉಸಿರು ನೋಡುವ ಭಾಗ ಅದರಲ್ಲಿ ಇದೆ, ನಿಜ. ಆದರೆ ಅದಾದ ಮೇಲೆ ಬರುವ ಪಟ್ಟಿ ನೋಡಿ: ಮುಂದೆ ಹೋಗುವಾಗ, ಹಿಂದೆ ಬರುವಾಗ, ಕೈಕಾಲು ಮಡಿಸಿ ಚಾಚುವಾಗ, ಬಟ್ಟೆ ಹೊದೆಯುವಾಗ, ಉಣ್ಣುವಾಗ, ಕುಡಿಯುವಾಗ, ಅಗಿಯುವಾಗ, ಮಲಮೂತ್ರ ವಿಸರ್ಜಿಸುವಾಗ, ಮಾತಾಡುವಾಗ, ಸುಮ್ಮನಿರುವಾಗ. ಶೌಚಕ್ಕೂ ರಿಯಾಯಿತಿ ಕೊಟ್ಟಿಲ್ಲ. ಈಗ ಅಲ್ಲಿಗೂ ಮೊಬೈಲ್ ಒಯ್ಯುವ ನಮ್ಮಂಥವರನ್ನು ಕಂಡಿದ್ದರೆ ಪಟ್ಟಿ ಇನ್ನಷ್ಟು ಉದ್ದವಾಗುತ್ತಿತ್ತೇನೋ.

ಐದನೇ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಕೂತು ಬುದ್ಧಘೋಷ ಬರೆದ ವ್ಯಾಖ್ಯಾನದಲ್ಲಿ ಈ ಪಟ್ಟಿಗೆ ಕಥೆಗಳು ಸಿಗುತ್ತವೆ. ಮಹಾಪುಸ್ಸದೇವ ಎಂಬ ಹಿರಿಯ ಭಿಕ್ಷುವೊಬ್ಬ ನಡೆಯುವಾಗ ಗಮನ ತಪ್ಪಿ ಹೆಜ್ಜೆ ಎತ್ತಿದರೆ ಹಿಂದಿನ ಜಾಗಕ್ಕೆ ಮರಳಿ, ಅಲ್ಲಿಂದ ಮತ್ತೆ ನಡೆಯುತ್ತಿದ್ದನಂತೆ. ಹತ್ತೊಂಬತ್ತು ವರ್ಷ ಹೀಗೇ. ಹೊಲದಲ್ಲಿ ಉಳುವವರು, ಬಿತ್ತುವವರು ನೋಡಿ ‘ಈ ಸ್ವಾಮಿ ಹೋಗುತ್ತಾನೆ, ತಿರುಗುತ್ತಾನೆ, ಮತ್ತೆ ಹೋಗುತ್ತಾನೆ, ದಾರಿ ತಪ್ಪಿತೋ, ಏನಾದರೂ ಮರೆತು ಬಂದನೋ’ ಎಂದು ಮಾತಾಡಿಕೊಳ್ಳುತ್ತಿದ್ದರು. ಇನ್ನೊಬ್ಬ ಹಿರಿಯ ಭಿಕ್ಷು ಶಿಷ್ಯರೊಡನೆ ಮಾತಾಡುತ್ತಾ ಥಟ್ಟನೆ ತೋಳು ಮಡಿಸಿದ. ಮರುಕ್ಷಣ ಅದನ್ನು ಮೊದಲಿದ್ದ ಜಾಗಕ್ಕೇ ಒಯ್ದು, ನಿಧಾನವಾಗಿ ಮತ್ತೆ ಮಡಿಸಿದ. ಯಾಕೆಂದು ಕೇಳಿದರೆ, ‘ಸಾಧನೆ ಶುರುಮಾಡಿದ ಮೇಲೆ ಗಮನವಿಲ್ಲದೆ ತೋಳು ಮಡಿಸಿದವನಲ್ಲ, ಈಗ ನಿಮ್ಮೊಡನೆ ಮಾತಿನಲ್ಲಿ ಹಾಗಾಯಿತು’ ಎಂದ.

ಇದು ಅತಿಯಾಯಿತು ಎನ್ನಬಹುದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಯಾರಾದರೂ ಹಿಂದಿನ ಹೆಜ್ಜೆಗೆ ಮರಳಿದರೆ ಗತಿ ಏನು? ಆದರೆ ಆ ಭಿಕ್ಷು ಪಶ್ಚಾತ್ತಾಪಪಡಲಿಲ್ಲ, ತನ್ನನ್ನು ಬೈದುಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ತೋಳನ್ನು ವಾಪಸ್ ಇಟ್ಟ, ಮತ್ತೆ ಮಡಿಸಿದ, ಮಾತು ಮುಂದುವರಿಸಿದ.

ಕೋಪದ ವಿಷಯದಲ್ಲೂ ಸುತ್ತದ ಧಾಟಿ ಇದೇ. ಮನಸ್ಸಿನಲ್ಲಿ ದ್ವೇಷ ಇದ್ದರೆ, ದ್ವೇಷ ಇದೆ ಎಂದು ತಿಳಿಯಬೇಕು ಎನ್ನುತ್ತದೆ; ಆ ಭಾಗದಲ್ಲಿ ಅದನ್ನು ಓಡಿಸಬೇಕೆಂಬ ಮಾತಿಲ್ಲ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಷಡ್ಡಕರು ಹಾಕಿದ ಕುಹಕದ ಸಂದೇಶ ಓದಿದಾಗ ಮೊದಲು ಬಿಸಿಯಾಗುವುದು ಕಿವಿ. ಹೆಬ್ಬೆರಳು ಉತ್ತರ ಟೈಪ್ ಮಾಡುವುದು ಆಮೇಲೆ. ಕಿವಿ ಬಿಸಿಯಾದದ್ದು ಆಗಲೇ ಗೊತ್ತಾದರೆ ಸಾಕು. ಉತ್ತರ ಕಳಿಸುವುದೋ ಬಿಡುವುದೋ ಎಂಬುದು ಆಮೇಲಿನ ಮಾತು. ಕೆಲವಕ್ಕೆ ಖಾರವಾಗಿಯೇ ಉತ್ತರ ಕೊಡಬೇಕಾಗುತ್ತದೆ, ಕೊಡಿ.

ಈ ಕಾಲದಲ್ಲಿ ಇದನ್ನು ಕಲಿಸುವ ವ್ಯವಸ್ಥಿತ ದಾರಿಗಳಿವೆ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ನೋವಿನ ರೋಗಿಗಳಿಗಾಗಿ ಆರಂಭಿಸಿದ ತರಬೇತಿ ಎಂಟು ವಾರದ್ದು. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು ಅದರ ಪ್ರಸಿದ್ಧ ಮೊದಲ ಪಾಠ. ಮ್ಯಾಂಡಲೆಯಲ್ಲಿ ಹುಟ್ಟಿ, ತೀವ್ರ ಮೈಗ್ರೇನ್‌ನಿಂದಾಗಿ ಧ್ಯಾನದ ಕಡೆ ಬಂದ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ವಿಪಶ್ಯನ ಶಿಬಿರ ಹತ್ತು ದಿನದ್ದು. ಮಾತಿಲ್ಲ, ಫೋನಿಲ್ಲ, ಮೊದಲ ಮೂರು ದಿನ ಬರೀ ಉಸಿರು. ಎರಡರಿಂದಲೂ ಬಹಳ ಜನಕ್ಕೆ ಉಪಕಾರವಾಗಿದೆ. ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದೂ ನಿಜ. ಬ್ರೌನ್ ವಿಶ್ವವಿದ್ಯಾಲಯದ ವಿಲ್ಲೋಬಿ ಬ್ರಿಟನ್ ಮತ್ತು ಸಂಗಡಿಗರು ಧ್ಯಾನದಿಂದ ಭಯ, ಕಳವಳ ಹೆಚ್ಚಾದವರ ಅನುಭವಗಳನ್ನೂ ದಾಖಲಿಸಿದ್ದಾರೆ. ಮನಸ್ಸಿಗೆ ಆಳವಾದ ಪೆಟ್ಟು ಬಿದ್ದವರು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ನನ್ನ ತಕರಾರು ಹನ್ನೊಂದನೇ ದಿನದ್ದು. ಶಿಬಿರದ ಗೇಟಿನಾಚೆ ಬಸ್ಸು ಹತ್ತಿ ಕೂತಮೇಲೆ ನೆನಪಿಸುವವರು ಯಾರು? ಮೊಬೈಲಿನ ಆ್ಯಪ್ ‘ಟಿಣ್’ ಎನ್ನಬಹುದು. ಆ ಟಿಣ್ ಕೇಳಿ ಫೋನು ಕೈಗೆತ್ತಿಕೊಂಡವರು ಮುಕ್ಕಾಲು ಗಂಟೆ ರೀಲ್ಸ್ ನೋಡಿ ಕೆಳಗಿಡುತ್ತಾರೆ.

ಬುದ್ಧಘೋಷನ ವ್ಯಾಖ್ಯಾನ ಇಲ್ಲಿ ಮತ್ತೆ ಕೈಹಿಡಿಯುತ್ತದೆ. ಸತಿಪಟ್ಠಾನ ಸುತ್ತದ ಉಪದೇಶ ನಡೆದದ್ದು ಕುರುದೇಶದ ಕಮ್ಮಾಸಧಮ್ಮ ಎಂಬ ಪಟ್ಟಣದಲ್ಲಿ, ಎಂದರೆ ಇಂದಿನ ದೆಹಲಿ-ಹರಿಯಾಣದ ಸೀಮೆಯಲ್ಲಿ. ಅಲ್ಲಿನ ಆಳುಕಾಳುಗಳೂ ಇದನ್ನು ಬಲ್ಲವರಾಗಿದ್ದರಂತೆ. ನೀರು ಸೇದುವಲ್ಲಿ, ನೂಲು ತೆಗೆಯುವಲ್ಲಿ ಹೆಂಗಸರು ಒಬ್ಬರನ್ನೊಬ್ಬರು ‘ಯಾವುದರ ಮೇಲೆ ಗಮನ ಇಟ್ಟಿದ್ದೀಯಮ್ಮ?’ ಎಂದು ಕೇಳುತ್ತಿದ್ದರು. ‘ಯಾವುದರ ಮೇಲೂ ಇಲ್ಲ’ ಎಂದವಳಿಗೆ ಬದುಕಿಯೂ ಸತ್ತಂತಿದ್ದೀಯಲ್ಲ ಎಂದು ಛೀಮಾರಿ ಹಾಕಿ, ಅಲ್ಲೇ ಒಂದನ್ನು ಕಲಿಸಿ ಕಳಿಸುತ್ತಿದ್ದರು. ಭಿಕ್ಷುಣಿಯರು ಸಾಕಿದ ಗಿಳಿಯೊಂದಕ್ಕೂ ‘ಮೂಳೆ, ಮೂಳೆ’ ಎಂದು ನೆನೆಯುವ ಪಾಠ ಆಗಿತ್ತು. ಗಿಡುಗ ಹೊತ್ತೊಯ್ದರೂ ಗಿಳಿ ಪಾರಾಗಿ ಬಂದಾಗ ‘ಆಗ ಏನನ್ನಿಸಿತು?’ ಎಂದು ಕೇಳಿದರೆ, ಮೂಳೆಯ ರಾಶಿಯೊಂದು ಮೂಳೆಯ ರಾಶಿಯನ್ನು ಒಯ್ಯುತ್ತಿದೆ ಅನ್ನಿಸಿತು ಎಂದಿತಂತೆ. ಗಿಳಿಯನ್ನು ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಬಾವಿಕಟ್ಟೆಯ ಪ್ರಶ್ನೆಯನ್ನು ಮಾತ್ರ ನಾನು ನಂಬುತ್ತೇನೆ. ಲೋಕೊ ಪೈಲಟ್‌ಗೆ ಪಕ್ಕದ ಸೀಟಿನ ಸಹಾಯಕ ಇದ್ದಾನೆ, ಹಿರಿಯ ಭಿಕ್ಷುವಿಗೆ ಪ್ರಶ್ನೆ ಕೇಳುವ ಶಿಷ್ಯರಿದ್ದರು, ಕುರುದೇಶದವಳಿಗೆ ಕೊಡ ಹಿಡಿದ ನೆರೆಯವಳಿದ್ದಳು. ಕೇಳುವವರಿದ್ದಲ್ಲಿ ಎಚ್ಚರ ಬೇಗ ಮರಳುತ್ತದೆ.

ಮನೆಯಲ್ಲಿ ಇದನ್ನು ಶುರುಮಾಡಲು ಚಾಪೆಯೂ ಬೇಡ. ಹೊರಡುವಾಗ ಸ್ಟೌ ಕಡೆ ಕೈ ತೋರಿಸಿ ‘ಗ್ಯಾಸ್ ಆಫ್’, ಬಾಗಿಲ ಕಡೆ ತೋರಿಸಿ ‘ಬೀಗ ಬಿತ್ತು’ ಎಂದು ಗಟ್ಟಿಯಾಗಿ ಹೇಳಿ, ಇನ್ನೊಬ್ಬರು ಮರುನುಡಿಯಲಿ. ಮೊದಮೊದಲು ಎಲ್ಲರೂ ನಗುತ್ತಾರೆ. ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರಂತೂ ಬೇರೆ ಗುರು ಹುಡುಕಬೇಕಿಲ್ಲ. ಶಾಲೆಯ ಕಥೆ ಹೇಳುತ್ತಿರುವಾಗ ನೀವು ಫೋನಿನತ್ತ ಕಣ್ಣಿಟ್ಟು ‘ಹ್ಞೂಂ, ಹ್ಞೂಂ’ ಅಂದರೆ ಅದು ತಕ್ಷಣ ಕಥೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತದೆ: ‘ನಾನು ಈಗ ಏನು ಹೇಳಿದೆ, ಹೇಳು ನೋಡೋಣ?’