ಅಂಕಪಟ್ಟಿ ಹೇಳದ ಆಟ

ಆಟದ ಬಯಲಿನಲ್ಲಿ ನೋಡುವವರ ಕಣ್ಣು ಚೆಂಡಿನ ಬೆನ್ನು ಹತ್ತಿ ಓಡುವುದು ಸಹಜ. ಗೋಲು ಹೊಡೆದವನ ಹೆಸರು ಎಲ್ಲರ ನಾಲಗೆಯ ಮೇಲೂ ನಲಿಯುತ್ತದೆ. ಮರುದಿನದ ಪತ್ರಿಕೆಯಲ್ಲಿ ಅವನ ಭಾವಚಿತ್ರ ಅಚ್ಚಾಗುತ್ತದೆ. ಆದರೆ ಎದುರಾಳಿಗೆ ಗೋಲು ಹೊಡೆಯುವ ಅವಕಾಶವೇ ಒದಗದಂತೆ ನೋಡಿಕೊಂಡವನನ್ನು ನೆನೆಯುವವರು ವಿರಳ. ಆದ ಗೋಲನ್ನು ಎಣಿಸಬಹುದು; ಆಗದೆ ಹೋದ ಗೋಲನ್ನು ಎಣಿಸುವ ಬಗೆ ಯಾವುದು? ಕೆನಡ ದೇಶದ ಐಸ್ ಹಾಕಿಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ನಿಂತ ಆಟಗಾರನೊಬ್ಬನಿದ್ದಾನೆ. ಅವನೇ ಬಾಬ್ ಗೇನಿ.

ಭಾರತೀಯರಿಗೆ ಚಿರಪರಿಚಿತವಾದ ಹಾಕಿಯನ್ನು ಬಯಲಿನಲ್ಲಿ ಚೆಂಡಿನಿಂದ ಆಡುತ್ತಾರೆ. ಚಳಿಗಾಲದಲ್ಲಿ ಕೆರೆಹೊಳೆಗಳೇ ಹೆಪ್ಪುಗಟ್ಟುವ ಕೆನಡದಲ್ಲಿ ಬೆಳೆದದ್ದು ಐಸ್ ಹಾಕಿ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಹಾಸು ಅದರ ಅಂಗಣ. ಅದರ ಸುತ್ತಲೂ ಹಲಗೆಯ ತಡೆಗೋಡೆ. ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು ಜಾರುತ್ತ ಸಾಗುವ ಆಟಗಾರರು, ಪಕ್ ಎಂಬ ರಬ್ಬರಿನ ಗಟ್ಟಿ ಬಿಲ್ಲೆಯನ್ನು ಕೋಲಿನಿಂದ ತಳ್ಳಿಕೊಂಡು ಹೋಗುತ್ತಾರೆ. ಒಂದೊಂದು ಪಕ್ಷದಿಂದ ಆರು ಮಂದಿ ಅಂಗಣದಲ್ಲಿರುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಕರು, ಮೂವರು ಮುಂಚೂಣಿ ಆಟಗಾರರು. ಆಟದ ವೇಗ ಎಷ್ಟೆಂದರೆ, ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ದಣಿಯದೆ ಆಡಲಾರರು. ಆದುದರಿಂದ ಆಟ ನಡೆಯುತ್ತಿರುವಾಗಲೇ ಒಂದು ತಂಡ ಬೆಂಚಿಗೆ ಮರಳಿ ಮತ್ತೊಂದು ತಂಡ ಅಂಗಣಕ್ಕೆ ಇಳಿಯುತ್ತದೆ.

ಮುಂಚೂಣಿ ಆಟಗಾರನ ಕೆಲಸ ಗೋಲು ಹೊಡೆಯುವುದು ಎಂಬುದು ಸಾಮಾನ್ಯ ಭಾವನೆ. ಆದರೆ ಮುಂಚೂಣಿಯಲ್ಲಿ ನಿಂತೂ ರಕ್ಷಣೆಯನ್ನೇ ತನ್ನ ಮುಖ್ಯ ಧರ್ಮವೆಂದು ಬಗೆಯುವ ಆಟಗಾರರಿದ್ದಾರೆ. ಎದುರಾಳಿ ಪಕ್ ಹಿಡಿದು ಹೊರಡುವಾಗ ರಕ್ಷಣೆಯ ಮುಂಚೂಣಿಗನು ಅವನ ಮೇಲೆ ನೇರವಾಗಿ ಎರಗುವುದಿಲ್ಲ. ಅಂಗಣದ ಒಳಬದಿಯಿಂದ ಓರೆಯಾಗಿ ಬಂದು, ಅವನನ್ನು ಹಲಗೆಯ ಗೋಡೆಯತ್ತ ಒತ್ತರಿಸುತ್ತಾನೆ. ಗೋಡೆಯ ಬದಿಯಿಂದ ಗೋಲಿನತ್ತ ನೋಟ ಕಿರಿದು. ಅಲ್ಲಿಂದ ಹೊಡೆದ ಪೆಟ್ಟು ಫಲಿಸುವುದು ಅಪರೂಪ. ಪಕ್ ಸಾಗಬೇಕಾದ ದಾರಿಗೆ ತನ್ನ ಕೋಲನ್ನು ಅಡ್ಡ ಚಾಚುತ್ತಾನೆ. ತನ್ನ ಪಕ್ಷದ ದಾಳಿ ವಿಫಲವಾದ ಕ್ಷಣದಲ್ಲಿಯೇ ತಿರುಗಿ, ಎದುರಾಳಿಗಿಂತ ಮೊದಲು ತನ್ನ ಗೋಲಿನ ಬಳಿಗೆ ಧಾವಿಸುತ್ತಾನೆ. ತನ್ನವರಲ್ಲೊಬ್ಬ ತಪ್ಪೆಸಗಿ ದಂಡನೆಗೆ ಗುರಿಯಾದಾಗ, ಒಬ್ಬ ಕಡಿಮೆಯಾದ ಪಕ್ಷವನ್ನು ಆ ಎರಡು ನಿಮಿಷ ಕಾಯುವ ಹೊಣೆಯೂ ಅವನ ಪಾಲಿಗೇ ಬರುತ್ತದೆ. ಈ ಯಾವ ದುಡಿಮೆಯೂ ಅಂಕಪಟ್ಟಿಯಲ್ಲಿ ದಾಖಲಾಗುವುದಿಲ್ಲ.

ದಾಖಲಾಗದ ಈ ದುಡಿಮೆಯನ್ನು ಕಾಣಬಲ್ಲ ಕಣ್ಣು ತರಬೇತುದಾರನದು. ಯಾವ ಮೂವರು ಯಾವಾಗ ಇಳಿಯಬೇಕು, ಯಾರ ಎದುರು ಯಾರು ನಿಲ್ಲಬೇಕು ಎಂಬುದನ್ನು ಅವನೇ ನಿರ್ಣಯಿಸುತ್ತಾನೆ. ಆಟ ನಿಂತು ಮತ್ತೆ ಆರಂಭವಾಗುವಾಗ ಆಟಗಾರರನ್ನು ಬದಲಿಸುವ ಕೊನೆಯ ಹಕ್ಕು ತವರು ಪಕ್ಷದ್ದು. ಎದುರು ಪಕ್ಷದ ಅತ್ಯುತ್ತಮ ಗೋಲುಗಾರ ಇಳಿದುದನ್ನು ಕಂಡ ಮೇಲೆ, ಅವನನ್ನು ತಡೆಯಬಲ್ಲವನನ್ನು ಕಳುಹಿಸಲು ಇದರಿಂದ ಅವಕಾಶವಾಗುತ್ತದೆ. ನಿರ್ಣಾಯಕ ಘಟ್ಟದ ಪ್ಲೇಆಫ್ ಪಂದ್ಯಗಳಲ್ಲಿ ಇದರ ಬೆಲೆ ಇಮ್ಮಡಿಯಾಗುತ್ತದೆ. ಅಲ್ಲಿ ಅವೇ ಎರಡು ಪಕ್ಷಗಳು ಏಳು ಪಂದ್ಯಗಳವರೆಗೂ ಎದುರುಬದುರಾಗುತ್ತವೆ. ಮೊದಲು ನಾಲ್ಕನ್ನು ಗೆದ್ದವರು ಮುಂದಕ್ಕೆ ಸಾಗುತ್ತಾರೆ. ಒಬ್ಬ ಗೋಲುಗಾರನನ್ನು ದಿನ ಬಿಟ್ಟು ದಿನ ಅದೇ ಆಟಗಾರ ನೆರಳಿನಂತೆ ಹಿಂಬಾಲಿಸಿದರೆ, ಆ ಪಕ್ಷದ ಬಲವೇ ಉಡುಗಿಹೋಗುತ್ತದೆ.

ಬಾಬ್ ಗೇನಿ 1953ರಲ್ಲಿ ಒಂಟಾರಿಯೊ ಪ್ರಾಂತದ ಪೀಟರ್‌ಬರೊ ಎಂಬ ಊರಿನಲ್ಲಿ ಜನಿಸಿದನು. ಅಲ್ಲಿಯ ಕಿರಿಯರ ತಂಡಕ್ಕೆ ರಾಜರ್ ನೀಲ್ಸನ್ ತರಬೇತುದಾರರಾಗಿದ್ದರು. ಅವರ ಕೈಯಲ್ಲಿ ಪಳಗಿದ ಗೇನಿಯನ್ನು 1973ರಲ್ಲಿ ಮಾಂಟ್ರಿಯಲ್ ಕನೇಡಿಯನ್ಸ್ ತಂಡ ಆರಿಸಿಕೊಂಡಿತು. ಮಾಂಟ್ರಿಯಲ್ಲಿನ ತರಬೇತುದಾರ ಸ್ಕಾಟಿ ಬೋಮನ್ ಅವರಲ್ಲಿ ಗೋಲುಗಾರರಿಗೆ ಕೊರತೆಯಿರಲಿಲ್ಲ. ಗೀ ಲಾಫ್ಲರ್ ಎಂಬ ಆಟಗಾರನೊಬ್ಬನೇ 1974-75ರಿಂದ ಆರು ಋತುಗಳ ಕಾಲ, ಪ್ರತಿ ಋತುವಿನಲ್ಲಿಯೂ 50ಕ್ಕೆ ಕಡಿಮೆಯಿಲ್ಲದಂತೆ ಗೋಲು ಹೊಡೆದನು. ಗೇನಿಯಾದರೋ ತನ್ನ 16 ಋತುಗಳ 1160 ಪಂದ್ಯಗಳಲ್ಲಿ ಹೊಡೆದುದು 239 ಗೋಲು. ಋತುವಿಗೆ ಸರಾಸರಿ 15 ಮಾತ್ರ. ಆದರೂ ಎದುರು ಪಕ್ಷದ ಬಲಿಷ್ಠ ಆಟಗಾರರು ಇಳಿದಾಗ ಬೋಮನ್ ಕಳುಹಿಸುತ್ತಿದ್ದುದು ಗೇನಿಯನ್ನು. ಅದೇ ಪೀಟರ್‌ಬರೊ ತಂಡದಿಂದ ಬಂದ ಡಗ್ ಜಾರ್ವಿಸ್ ಅವನ ಜೊತೆಗಾರ. 1976ರಿಂದ 1979ರವರೆಗೆ ಸತತವಾಗಿ ನಾಲ್ಕು ವರ್ಷ ಸ್ಟ್ಯಾನ್ಲಿ ಕಪ್ ಮಾಂಟ್ರಿಯಲ್ಲಿಗೆ ದಕ್ಕಿತು. 1976-77ರ ಋತುವಿನ 80 ಪಂದ್ಯಗಳಲ್ಲಿ ಆ ತಂಡ ಸೋತದ್ದು ಎಂಟರಲ್ಲಿ ಮಾತ್ರ.

ರಕ್ಷಣೆಯಲ್ಲಿ ಶ್ರೇಷ್ಠನಾದ ಮುಂಚೂಣಿ ಆಟಗಾರನಿಗೆಂದೇ ಒಂದು ಪ್ರಶಸ್ತಿ 1978ರಲ್ಲಿ ಮೊದಲ ಬಾರಿಗೆ ಸಂದಿತು. ಮಾಂಟ್ರಿಯಲ್ ತಂಡದ ಹಿಂದಿನ ವ್ಯವಸ್ಥಾಪಕ ಫ್ರಾಂಕ್ ಸೆಲ್ಕಿ ಅವರ ಹೆಸರನ್ನು ಅದಕ್ಕೆ ಇಡಲಾಗಿತ್ತು. 1978ರಿಂದ 1981ರವರೆಗೆ, ಮೊದಲ ನಾಲ್ಕು ಸಲವೂ ಅದನ್ನು ಪಡೆದವನು ಗೇನಿ. ಎಣಿಕೆಗೆ ಸಿಗದ ಗುಣಕ್ಕೂ ಮನ್ನಣೆಯುಂಟೆಂಬುದು ಹೀಗೆ ಸಿದ್ಧವಾಯಿತು.

ಇಂತಹ ಆಟದಲ್ಲಿ ಒಂದು ಕ್ಷಣದ ಗೊಂದಲವೂ ಎಷ್ಟು ದುಬಾರಿಯಾಗಬಲ್ಲುದು ಎಂಬುದಕ್ಕೆ 1979ರ ಮೇ 10ರ ರಾತ್ರಿ ಸಾಕ್ಷಿಯಾಗಿದೆ. ಉಪಾಂತ್ಯದ ಸರಣಿಯಲ್ಲಿ ಮಾಂಟ್ರಿಯಲ್ ಮತ್ತು ಬಾಸ್ಟನ್ ಬ್ರೂಯಿನ್ಸ್ ತಲಾ ಮೂರು ಪಂದ್ಯ ಗೆದ್ದಿದ್ದವು. ಏಳನೆಯ ಪಂದ್ಯ ಮಾಂಟ್ರಿಯಲ್ಲಿನಲ್ಲಿ ನಡೆಯಿತು. ಬಾಸ್ಟನ್ನಿನ ತರಬೇತುದಾರ ಡಾನ್ ಚೆರ್ರಿ, ಲಾಫ್ಲರನಿಗೆ ನೆರಳಾಗಿರಲು ಡಾನ್ ಮಾರ್ಕಾಟ್ ಎಂಬ ರಕ್ಷಣಾಪಟುವನ್ನು ನೇಮಿಸಿದ್ದರು. ಆಟ ಮುಗಿಯಲು ನಾಲ್ಕು ನಿಮಿಷ ಉಳಿದಿರುವಾಗ ಬಾಸ್ಟನ್ 4-3ರಿಂದ ಮುಂದಾಯಿತು. ಗೆಲುವು ಕೈಗೆಟಕುವಂತಿತ್ತು. ಅಷ್ಟರಲ್ಲಿ ಆಟಗಾರರ ಅದಲುಬದಲಿನಲ್ಲಿ ಗೊಂದಲವುಂಟಾಗಿ, ನಿಯಮಕ್ಕಿಂತ ಹೆಚ್ಚಿನ ಬಾಸ್ಟನ್ ಆಟಗಾರರು ಅಂಗಣದಲ್ಲಿರುವುದು ತೀರ್ಪುಗಾರರ ಕಣ್ಣಿಗೆ ಬಿದ್ದಿತು. ದಂಡನೆಯಾಗಿ ಬಾಸ್ಟನ್ ಒಬ್ಬನನ್ನು ಕಳೆದುಕೊಂಡು ಆಡಬೇಕಾಯಿತು. ಕೊನೆಯ ಗಳಿಗೆಗೆ 74 ಸೆಕೆಂಡುಗಳಿರುವಾಗ ಲಾಫ್ಲರ್ ಹೊಡೆದ ಪೆಟ್ಟು ಬಲೆಯನ್ನು ಸೇರಿತು. ಹೆಚ್ಚುವರಿ ಆಟದಲ್ಲಿ ಈವಾನ್ ಲ್ಯಾಂಬೇರ್ ಹೊಡೆದ ಗೋಲಿನಿಂದ ಮಾಂಟ್ರಿಯಲ್ ಗೆದ್ದಿತು. ಪಂದ್ಯದುದ್ದಕ್ಕೂ ಹೂಡಿದ ವ್ಯೂಹ ಎಣಿಕೆಯ ಒಂದು ತಪ್ಪಿನಿಂದ ಮುರಿದುಬಿದ್ದಿತು. ಚೆರ್ರಿ ಆ ತಪ್ಪನ್ನು ಆಟಗಾರರ ತಲೆಗೆ ಕಟ್ಟದೆ ತಾವೇ ಹೊತ್ತುಕೊಂಡರು. ಆ ಋತುವಿನೊಡನೆ ಬಾಸ್ಟನ್ನಿನಲ್ಲಿ ಅವರ ತರಬೇತಿಯೂ ಕೊನೆಗೊಂಡಿತು.

ಮುಂದಿನ ಅಂತಿಮ ಸರಣಿಯಲ್ಲಿ ಮಾಂಟ್ರಿಯಲ್ ನ್ಯೂಯಾರ್ಕ್ ರೇಂಜರ್ಸ್ ತಂಡವನ್ನು 4-1ರಿಂದ ಸೋಲಿಸಿತು. ಪ್ಲೇಆಫ್ ಪಂದ್ಯಗಳಲ್ಲಿ ತನ್ನ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆಯುಳ್ಳವನಾಗಿ ಆಡಿದವನಿಗೆ ಸಲ್ಲುವ ಕಾನ್ ಸ್ಮೈತ್ ಪ್ರಶಸ್ತಿ ಆ ವರ್ಷ ಲಾಫ್ಲರನಿಗೆ ಸಿಕ್ಕಲಿಲ್ಲ, ಗೇನಿಗೆ ಸಿಕ್ಕಿತು. ಸ್ವಂತ ತಂಡದಲ್ಲಿಯೇ ಅವನಿಗಿಂತ ಹೆಚ್ಚು ಅಂಕ ಗಳಿಸಿದವರಿದ್ದರು. ಆದರೂ ಗೆಲುವಿನ ಬುನಾದಿಯಲ್ಲಿ ಹುದುಗಿದ್ದ ಕಲ್ಲು ಯಾವುದೆಂಬುದನ್ನು ಬಲ್ಲವರು ಗುರುತಿಸಿದ್ದರು.

ಗೇನಿ ಕಲಿತ ವಿದ್ಯೆ ಅವನೊಡನೆ ಮುಗಿಯಲಿಲ್ಲ. 1981ರಲ್ಲಿ ಅವನು ಮಾಂಟ್ರಿಯಲ್ಲಿನ ನಾಯಕನಾದನು. 1986ರಲ್ಲಿ ಅವನ ನಾಯಕತ್ವದಲ್ಲಿ ಕಪ್ ಮತ್ತೊಮ್ಮೆ ಆ ನಗರಕ್ಕೆ ಬಂದಿತು. ಅವನ ತಂಡದಲ್ಲಿ ಬೆಳೆದ ಗೀ ಕಾರ್ಬನೊ ಮುಂದೆ ಮೂರು ಬಾರಿ ಸೆಲ್ಕಿ ಪ್ರಶಸ್ತಿ ಗಳಿಸಿದನು. 1991ರಲ್ಲಿ ಗೇನಿ ತರಬೇತುದಾರನಾದ ಮೊದಲ ಋತುವಿನಲ್ಲಿಯೇ ಮಿನ್ನೆಸೋಟ ತಂಡ ಅಂತಿಮ ಸರಣಿಯನ್ನು ತಲುಪಿತು. ಆ ತಂಡ ಡಾಲಸ್ ನಗರಕ್ಕೆ ನೆಲೆ ಬದಲಿಸಿದ ಮೇಲೆ, 1999ರಲ್ಲಿ ಅವನ ವ್ಯವಸ್ಥಾಪಕತ್ವದಲ್ಲಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಆ ತಂಡದಲ್ಲಿ ಹಿರಿಯನಾದ ಕಾರ್ಬನೊ ಇದ್ದನು. ಫಿನ್ಲೆಂಡಿನ ಯೆರೆ ಲೆಹ್ಟಿನೆನ್ ಎಂಬ ರಕ್ಷಣಾಪಟುವೂ ಇದ್ದನು. ನೀಲ್ಸನ್ನರಿಂದ ಗೇನಿಗೆ, ಗೇನಿಯಿಂದ ಕಿರಿಯರಿಗೆ ಆ ವಿದ್ಯೆ ಹರಿದುಬಂದಿತ್ತು.

ಗೋಲು ಹೊಡೆಯುವವನಿಲ್ಲದೆ ಯಾವ ಪಕ್ಷವೂ ಗೆಲ್ಲಲಾರದು. ಲಾಫ್ಲರನ ಹಿರಿಮೆಯನ್ನು ಅಲ್ಲಗಳೆಯುವವರಿಲ್ಲ. ಆದರೆ ಅವನು ನಿಶ್ಚಿಂತೆಯಿಂದ ಮುನ್ನುಗ್ಗಲು ಸಾಧ್ಯವಾದದ್ದು, ಹಿಂದೆ ಗೇನಿಯಂತಹವನು ಕಾದು ನಿಂತಿದ್ದುದರಿಂದ. ತನ್ನ ಶಕ್ತಿ ಪರರ ಕಣ್ಣಿಗೆ ಕಾಣದ ಕೆಲಸದಲ್ಲಿ ವ್ಯಯವಾಗುತ್ತಿದ್ದರೂ ಬೇಸರಿಸದೆ ದುಡಿಯುವುದು ಆಟಗಾರನ ಹಿರಿತನ. ಆ ಕೆಲಸವನ್ನು ಗುರುತಿಸಿ, ತಕ್ಕ ಹೊತ್ತಿಗೆ ತಕ್ಕವನನ್ನು ಕಳುಹಿಸುವುದು ತರಬೇತುದಾರನ ಹಿರಿತನ. ಇವೆರಡೂ ಕೂಡಿದೆಡೆಯಲ್ಲಿ ಗೆಲುವು ತಾನಾಗಿ ನೆಲೆಸುತ್ತದೆ.